ಆಷಾಢದಲ್ಲಿ ಸೋತು ಧನುರ್ಮಾಸದಲ್ಲಿ ಪಡೆದ ಚಿತ್ರ

ದಾವಣಗೆರೆಯಲ್ಲಿ ಮದುವೆಯ ಫೋಟೋ ತೆಗೆದು ಜೀವನ ಮಾಡುವವನಿಗೆ ವರ್ಷದಲ್ಲಿ ಎರಡು ಸಲ ಕೈ ಖಾಲಿಯಾಗುತ್ತದೆ. ಒಂದು ಆಷಾಢ, ಇನ್ನೊಂದು ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಧನುರ್ಮಾಸ. ಇದನ್ನು ಶೂನ್ಯಮಾಸ ಎನ್ನುವುದೂ ಉಂಟು; ಆ ದಿನಗಳಲ್ಲಿ ಕಲ್ಯಾಣ ಮಂಟಪಗಳು ಬಿಕೋ ಎನ್ನುತ್ತಿರುತ್ತವೆ, ನಮ್ಮ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ಬಿಟ್ಟರೆ ಬೇರೆ ಕೆಲಸವಿರುವುದಿಲ್ಲ. ಡ್ಯಾಮ್ಸೆಲ್‌ಫ್ಲೈ ಎಂಬ ಕಡ್ಡಿಯಂಥ ಕೀಟವನ್ನು ನಮ್ಮ ಹಿತ್ತಲಲ್ಲೇ ಹತ್ತಿರದಿಂದ ಚಿತ್ರಿಸಬೇಕೆಂದು ನಾನು ಮೊದಲು ಹೊರಟದ್ದು ಒಂದು ಆಷಾಢದಲ್ಲಿ. ನಾಲ್ಕು ವಾರ ಹೆಣಗಿದರೂ ಇನ್ನೊಬ್ಬರಿಗೆ ತೋರಿಸುವಂಥ ಒಂದು ಚಿತ್ರವೂ ದಕ್ಕಲಿಲ್ಲ. ದಕ್ಕಿದ್ದು ಅದೇ ವರ್ಷದ ಧನುರ್ಮಾಸದಲ್ಲಿ. ಈ ನಡುವೆ ನಾನು ದುಡ್ಡು ಕೊಟ್ಟು ತಂದ ಸಾಮಾನುಗಳಿಗಿಂತ, ಹಿತ್ತಲಿಗೆ ಇಳಿಯುವ ಹೊತ್ತನ್ನು ಮತ್ತು ಕ್ಯಾಮೆರಾ ಹಿಡಿಯುವ ಕೋನವನ್ನು ಬದಲಾಯಿಸಿಕೊಂಡದ್ದೇ ಹೆಚ್ಚು ಕೆಲಸಕ್ಕೆ ಬಂದಿತು.

ಸಣ್ಣವರಿದ್ದಾಗ ನಾವು ಭದ್ರಾ ನಾಲೆಯ ಏರಿಯ ಮೇಲೆ ಏರೋಪ್ಲೇನ್ ಚಿಟ್ಟೆ ಹಿಡಿದು ಬಾಲಕ್ಕೆ ದಾರ ಕಟ್ಟಿ ಹಾರಿಸುತ್ತಿದ್ದೆವು. ಆಗ ದಪ್ಪ ದೇಹದ್ದಕ್ಕೂ ತೆಳ್ಳಗಿನದಕ್ಕೂ ನಮ್ಮಲ್ಲಿ ಒಂದೇ ಹೆಸರಿತ್ತು. ಎರಡೂ ಒಂದೇ ಗಣಕ್ಕೆ ಸೇರಿದವಾದರೂ ನೋಡಿದ ಕೂಡಲೇ ಬೇರೆ ಮಾಡಬಹುದು. ದಪ್ಪ ದೇಹದ ಡ್ರ್ಯಾಗನ್‌ಫ್ಲೈ ಕೂತಾಗ ನಾಲ್ಕೂ ರೆಕ್ಕೆಗಳನ್ನು ಅಗಲಿಸಿಕೊಂಡೇ ಇರುತ್ತದೆ, ಅದರ ದೊಡ್ಡ ಕಣ್ಣುಗಳು ಬಹುಪಾಲು ಜಾತಿಗಳಲ್ಲಿ ನೆತ್ತಿಯ ಮೇಲೆ ಒಂದಕ್ಕೊಂದು ತಾಗಿರುತ್ತವೆ. ಡ್ಯಾಮ್ಸೆಲ್‌ಫ್ಲೈ ಸಾಮಾನ್ಯವಾಗಿ ರೆಕ್ಕೆಗಳನ್ನು ಬೆನ್ನ ಮೇಲೆ ಮಡಿಚಿ ಇಟ್ಟುಕೊಳ್ಳುತ್ತದೆ, ಅದರ ಕಣ್ಣುಗಳು ತಲೆಯ ಎರಡು ತುದಿಗಳಲ್ಲಿ ದೂರ ದೂರ ಇರುತ್ತವೆ. ನಮ್ಮ ಹಿತ್ತಲಿನ ಖಾಯಂ ನಿವಾಸಿ ಹಳದಿ ಬಾಲದ ಒಂದು ಜಾತಿ. ಇಂಗ್ಲಿಷಿನಲ್ಲಿ ಇದಕ್ಕೆ ಕೋರಮಂಡಲ್ ಮಾರ್ಶ್ ಡಾರ್ಟ್ ಎನ್ನುತ್ತಾರೆ. ಡೆನ್ಮಾರ್ಕಿನ ಕೀಟಶಾಸ್ತ್ರಜ್ಞ ಫ್ಯಾಬ್ರಿಸಿಯಸ್ 1798ರಲ್ಲೇ ಇದನ್ನು ವಿವರಿಸಿ ಹೆಸರಿಟ್ಟಿದ್ದಾನೆ. ಗಂಡಿನ ಎದೆ ಮತ್ತು ಕಣ್ಣು ಮಾಸಲು ಹಸಿರು, ಉದರವೆಲ್ಲ ಒಂದು ಕಲೆಯೂ ಇಲ್ಲದ ನಿಂಬೆಹಳದಿ. ಹೆಣ್ಣು ಮಣ್ಣುಬಣ್ಣಕ್ಕೆ ತಿರುಗಿದ ಹಸಿರಿನದು, ಹುಲ್ಲಿನಲ್ಲಿ ಕೂತರೆ ಕಾಣುವುದೇ ಕಷ್ಟ. ತಲೆಯಿಂದ ಬಾಲದ ತುದಿಗೆ ಮೂರೂವರೆ ಸೆಂಟಿಮೀಟರಿನ ಆಸುಪಾಸು ಉದ್ದ.

ಅವು ನಮ್ಮ ಮನೆಗೆ ಬಂದದ್ದು ನೀರಿನಿಂದಾಗಿ. ಮನೆ ಕಟ್ಟುವಾಗ ನೀರು ತುಂಬಿಡಲು ಮಾಡಿಸಿದ್ದ ಸಿಮೆಂಟಿನ ತೊಟ್ಟಿಯನ್ನು ಒಡೆಸದೆ ಹಾಗೆಯೇ ಉಳಿಸಿಕೊಂಡಿದ್ದೆವು. ಅವ್ವ ಅದರಲ್ಲಿ ನೈದಿಲೆ ಹಾಕಿದಳು, ಅಂಚಿನ ತೇವದಲ್ಲಿ ಒಂದೆಲಗ ಮತ್ತು ಕೆಸುವು ಹಬ್ಬಿದವು, ಸುತ್ತ ಗರಿಕೆ ಬೆಳೆಯಿತು. ಡ್ಯಾಮ್ಸೆಲ್‌ಫ್ಲೈ ಮೊಟ್ಟೆ ಇಡುವುದು ನೀರಿನಲ್ಲಿರುವ ಗಿಡದ ಕಾಂಡವನ್ನೋ ಎಲೆಯನ್ನೋ ಸೀಳಿ ಅದರೊಳಗೆ. ಮರಿಗಳು ನೀರಿನಲ್ಲೇ ಬೆಳೆಯುತ್ತವೆ. ಬಾಲದ ತುದಿಯಲ್ಲಿ ಪುಟ್ಟ ಎಲೆಗಳಂತಿರುವ ಮೂರು ಕಿವಿರುಗಳಿಂದ ಅವುಗಳನ್ನು ಗುರುತಿಸಬಹುದು. ಲಾರ್ವಾ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆಯೊಬ್ಬರು ತೊಟ್ಟಿಗೆ ಟಾರ್ಚ್ ಬಿಟ್ಟು ನೋಡಿ, "ನೀರು ಚೆಲ್ಲಿ ತೊಳೀರಿ ಅಣ್ಣಾ, ಇಲ್ಲಾಂದ್ರೆ ಮೀನಾದ್ರೂ ಬಿಡ್ರಿ" ಎಂದರು. ಅವರು ಹೇಳಿದ್ದು ಸರಿಯೇ, ಡೆಂಗಿಯ ಭಯ ನಮಗೂ ಇದೆ. ಆದರೆ ಸೊಳ್ಳೆಮರಿ ತಿನ್ನುವ ಗಾಂಬೂಸಿಯಾ ಮೀನು ಡ್ಯಾಮ್ಸೆಲ್‌ಫ್ಲೈಯ ಎಳೆಯ ಮರಿಗಳನ್ನೂ ಬಿಡುವುದಿಲ್ಲ, ಅವು ತಾವೂ ಸೊಳ್ಳೆಮರಿಗಳನ್ನೇ ತಿನ್ನುತ್ತವೆ ಎಂಬುದು ಬೇರೆ ಮಾತು. ಕೊನೆಗೆ ಬಳಸುವ ನೀರಿನ ಡ್ರಮ್ಮುಗಳನ್ನೆಲ್ಲ ವಾರಕ್ಕೊಮ್ಮೆ ತೊಳೆದು ಮುಚ್ಚಿಡುವುದೆಂದೂ, ತೊಟ್ಟಿಯನ್ನು ದಿನವೂ ಬಗ್ಗಿ ನೋಡಿ ಸೊಳ್ಳೆಮರಿ ಕಂಡರೆ ಜಾಲರಿಯಿಂದ ತೆಗೆಯುವುದೆಂದೂ ಒಪ್ಪಂದವಾಯಿತು. ಫೋಟೋಗೆ ಬೇಕಾದ ಹುಳುವನ್ನು ಹುಡುಕಿಕೊಂಡು ಕುಂದುವಾಡ ಕೆರೆಯವರೆಗೆ ಹೋಗುವ ಅಗತ್ಯ ನನಗೆ ಬೀಳದಿದ್ದುದು ಈ ತೊಟ್ಟಿಯ ದೆಸೆಯಿಂದ.

ಆಷಾಢದ ಸೋಲಿಗೆ ಮೊದಲ ಕಾರಣ ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನೆಟ್ಟವರು ಸುಮ್ಮನೆ ನೆಟ್ಟಿಲ್ಲ. ನಮ್ಮ ಬಯಲುಸೀಮೆಯಲ್ಲಿ ಆಷಾಢದ ಗಾಳಿ ಎಂದರೆ ಒಣಹಾಕಿದ ಪಂಚೆ ಪಕ್ಕದ ಮನೆಯ ತಾರಸಿಗೆ ಹೋಗಿ ಬೀಳುವ ಗಾಳಿ. ಎರಡನೆಯ ಕಾರಣ ನನ್ನ ಕಸುಬಿನ ಅಭ್ಯಾಸ. ಮದುವೆಯಲ್ಲಿ ನನ್ನ ನೆಚ್ಚಿನ ಲೆನ್ಸ್ 70-200 ಎಂ.ಎಂ. ಜೂಮ್, ನೆಚ್ಚಿನ ಅಪರ್ಚರ್, ಅಂದರೆ ಬೆಳಕು ಒಳಬರುವ ತೂತಿನ ಅಳತೆ, ಎಫ್ 2.8; ಈ ಅಂಕಿ ಹೆಚ್ಚಿದಷ್ಟೂ ತೂತು ಕಿರಿದಾಗುತ್ತದೆ. ಅದೇ ಲೆನ್ಸನ್ನು ಹುಳುವಿನ ಮುಂದೆ ಹಿಡಿದರೆ ಅದು 1.2 ಮೀಟರಿಗಿಂತ ಹತ್ತಿರಕ್ಕೆ ಫೋಕಸ್ ಆಗುವುದಿಲ್ಲ, ಆ ದೂರದಲ್ಲಿ ಹುಳುವಿನ ಉದ್ದ ಚೌಕಟ್ಟಿನ ಐದನೆಯ ಒಂದು ಭಾಗದಷ್ಟೇ ಬರುತ್ತದೆ. ಕಂಪ್ಯೂಟರಿನಲ್ಲಿ ಕತ್ತರಿಸಿ ಹಿಗ್ಗಿಸಿದಾಗ ಕಣ್ಣೂ ಇಲ್ಲ, ರೆಕ್ಕೆಯ ನರವೂ ಇಲ್ಲ, ಹಳದಿ ಬಳಪದಿಂದ ಎಳೆದ ಒಂದು ಗೆರೆಯಷ್ಟೇ ಇತ್ತು.

ಅನಂತರ 50 ಎಂ.ಎಂ. ಲೆನ್ಸಿನ ಹಿಂದೆ 36 ಎಂ.ಎಂ. ಎಕ್ಸ್‌ಟೆನ್ಶನ್ ಟ್ಯೂಬ್ ಸಿಕ್ಕಿಸಿದೆ. ಟ್ಯೂಬಿನೊಳಗೆ ಗಾಜಿಲ್ಲ, ಅದು ಲೆನ್ಸನ್ನು ಸೆನ್ಸರಿನಿಂದ, ಅಂದರೆ ಕ್ಯಾಮೆರಾದೊಳಗೆ ಚಿತ್ರ ಮೂಡುವ ಫಲಕದಿಂದ, ದೂರ ಸರಿಸುವ ಟೊಳ್ಳು ಬಳೆ ಮಾತ್ರ; ಟ್ಯೂಬಿನ ಉದ್ದವನ್ನು ಲೆನ್ಸಿನ ಫೋಕಲ್ ಉದ್ದದಿಂದ ಭಾಗಿಸಿದರೆ ಎಷ್ಟು ಹಿಗ್ಗುತ್ತದೆಂಬ ಅಂದಾಜು ಸಿಗುತ್ತದೆ. 36ನ್ನು 50ರಿಂದ ಭಾಗಿಸಿದರೆ 0.72. ಚಿತ್ರವೇನೋ ದೊಡ್ಡದಾಯಿತು, ಆದರೆ ಲೆನ್ಸಿನ ತುದಿಗೂ ಹುಳುವಿಗೂ ಸುಮಾರು ಹತ್ತು ಸೆಂಟಿಮೀಟರ್ ಅಂತರವಷ್ಟೇ ಉಳಿಯಿತು. ಅಷ್ಟು ಹತ್ತಿರ ಹೋಗುವಷ್ಟರಲ್ಲಿ ಹಾರಿಹೋಗುತ್ತಿತ್ತು, ಹಾರದಿದ್ದರೆ ನನ್ನದೇ ನೆರಳು ಅದರ ಮೇಲೆ ಬೀಳುತ್ತಿತ್ತು. ಶ್ರಾವಣದ ಮದುವೆಗಳ ಹಣ ಕೈಸೇರಿದ ಮೇಲೆ 100 ಎಂ.ಎಂ. ಮ್ಯಾಕ್ರೊ ಲೆನ್ಸೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆ. ಇದು ಹುಳುವನ್ನು ಸೆನ್ಸರಿನ ಮೇಲೆ ಅದರ ನಿಜಗಾತ್ರದಲ್ಲೇ ಮೂಡಿಸುತ್ತದೆ, ಆಗಲೂ ಮುಂದೆ ಸುಮಾರು 15 ಸೆಂಟಿಮೀಟರ್ ಜಾಗ ಉಳಿಸುತ್ತದೆ. ಇಷ್ಟೆಲ್ಲ ಆದರೂ ಭಾದ್ರಪದದ ಹೊತ್ತಿಗೆ ನನ್ನ ಚಿತ್ರಗಳಲ್ಲಿ ತಲೆ ಸ್ಪಷ್ಟವಾಗಿದ್ದರೆ ಬಾಲ ಮಸುಕು, ಬಾಲ ಸ್ಪಷ್ಟವಾಗಿದ್ದರೆ ತಲೆ ಮಸುಕು.

ತಪ್ಪು ಎಲ್ಲಿದೆ ಎಂಬುದು ಹುಳುವಿನಿಂದ ತಿಳಿಯಲಿಲ್ಲ, ಊದುಬತ್ತಿಯ ಕಡ್ಡಿಯಿಂದ ತಿಳಿಯಿತು. ಗ್ರಾಹಕರಿಲ್ಲದ ಒಂದು ಮಧ್ಯಾಹ್ನ ಸ್ಟುಡಿಯೋದ ಮೇಜಿನ ಮೇಲೆ ಒಂದು ಬಟ್ಟಲಿನಲ್ಲಿ ಮಣ್ಣು ತುಂಬಿ, ಊದುಬತ್ತಿಯ ಕಡ್ಡಿಯನ್ನು ಮೂರೂವರೆ ಸೆಂಟಿಮೀಟರಿಗೆ ಮುರಿದು ವಾರೆಯಾಗಿ ಚುಚ್ಚಿ, ಅದರ ಮೇಲೆ ಪೆನ್ನಿನಿಂದ ಮಿಲಿಮೀಟರಿಗೊಂದು ಗೆರೆ ಹಾಕಿದೆ. ನನ್ನ ಫುಲ್ ಫ್ರೇಮ್ ಸೆನ್ಸರಿನ ಅಗಲ 36 ಮಿಲಿಮೀಟರ್. ಅಂದರೆ ನಿಜಗಾತ್ರದಲ್ಲಿ ತೆಗೆದರೆ ಹುಳು ಚೌಕಟ್ಟಿನ ಎರಡೂ ಅಂಚಿಗೆ ಮುಟ್ಟುತ್ತದೆ, ಇಡೀ ದೇಹ ಸುತ್ತ ಒಂದಿಷ್ಟು ಜಾಗದೊಡನೆ ಬರಬೇಕಾದರೆ ಅರ್ಧಗಾತ್ರ ಸಾಕು. ಅರ್ಧಗಾತ್ರದಲ್ಲಿ ಎಫ್ 11 ಇಟ್ಟರೂ ಸ್ಪಷ್ಟವಾಗಿ ಕಾಣುವ ಆಳ ಸುಮಾರು 4 ಮಿಲಿಮೀಟರ್. ನಿಜಗಾತ್ರಕ್ಕೆ ಹೋದರೆ ಅದು ಒಂದೂಕಾಲು ಮಿಲಿಮೀಟರಿನ ಆಸುಪಾಸಿಗೆ ಇಳಿಯುತ್ತದೆ, ನನ್ನ ನೆಚ್ಚಿನ ಎಫ್ 2.8ರಲ್ಲಿ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗ. ಮದುಮಗಳ ಮುಖ ಸ್ಪಷ್ಟವಿದ್ದು ಹಿಂದಿನ ಮಂಟಪ ಕರಗಿದರೆ ಜನ ಮೆಚ್ಚುತ್ತಾರೆ. ಇಲ್ಲಿ ಹುಳುವಿನ ಒಂದು ಕಣ್ಣು ಕಂಡು ಇನ್ನೊಂದು ಕಣ್ಣೇ ಕರಗಿಹೋಗುತ್ತಿತ್ತು.

ನಾಲ್ಕು ಮಿಲಿಮೀಟರ್ ದಪ್ಪದ ಒಂದು ಗಾಜಿನ ಹಲಗೆಯನ್ನು ಊಹಿಸಿಕೊಳ್ಳಿ. ಆ ಹಲಗೆ ಯಾವಾಗಲೂ ಕ್ಯಾಮೆರಾದ ಬೆನ್ನಿಗೆ ಸಮಾನಾಂತರವಾಗಿ ಗಾಳಿಯಲ್ಲಿ ನಿಂತಿರುತ್ತದೆ. ಮೂರೂವರೆ ಸೆಂಟಿಮೀಟರ್ ಉದ್ದದ ದೇಹ ಪೂರ್ತಿಯಾಗಿ ಆ ಹಲಗೆಯೊಳಗೆ ಹಿಡಿಸಬೇಕಾದರೆ ಕ್ಯಾಮೆರಾ ಆರೇಳು ಡಿಗ್ರಿಗಿಂತ ಹೆಚ್ಚು ವಾರೆಯಾಗುವಂತಿಲ್ಲ. ನಾನು ನಿಂತು, ಬಗ್ಗಿ, ಮೇಲಿನಿಂದ ಓರೆಯಾಗಿ ತೆಗೆಯುತ್ತಿದ್ದೆ. ಅಲ್ಲಿ ಆರೇಳಲ್ಲ, ಮೂವತ್ತು ನಲವತ್ತು ಡಿಗ್ರಿ ತಪ್ಪುತ್ತಿತ್ತು. ಅಪರ್ಚರನ್ನು ಎಫ್ 22ಕ್ಕೆ ಮುಚ್ಚಿ ನೋಡಿದೆ. ಆಳ ಹೆಚ್ಚಿತು, ಆದರೆ ಸಣ್ಣ ತೂತಿನಲ್ಲಿ ಬೆಳಕು ಚದುರುವುದರಿಂದ ಇಡೀ ಚಿತ್ರವೇ ಮೆತ್ತಗಾಯಿತು. ಎಫ್ 11ರಲ್ಲಿ ನಿಂತು ಕೋನವನ್ನು ಸರಿಮಾಡಿಕೊಳ್ಳುವುದೇ ದಾರಿ ಎಂದು ಕಡ್ಡಿಯ ಮೇಲಿನ ಗೆರೆಗಳನ್ನು ಎಣಿಸಿ ಎಣಿಸಿ ಮನದಟ್ಟಾಯಿತು. ಒಂದು ವಾರ ಆ ಕಡ್ಡಿಯನ್ನು ಬೇರೆ ಬೇರೆ ಓರೆಯಲ್ಲಿ ಚುಚ್ಚಿ, ನೋಡಿದ ಕೂಡಲೇ ಅದಕ್ಕೆ ಸಮಾನಾಂತರವಾಗಿ ಕ್ಯಾಮೆರಾ ತಿರುಗಿಸುವುದನ್ನು ರೂಢಿಸಿಕೊಂಡೆ. ಲೆನ್ಸಿಗೆ ಸುರಿದ ಹಣಕ್ಕಿಂತ ಈ ಒಂದು ವಾರ ಹೆಚ್ಚಿನದೆಂದು ನಾನು ಈಗಲೂ ಎಣಿಸುತ್ತೇನೆ. ಮೊದಲೇ ಮಾಡಿದ್ದರೆ ಟ್ಯೂಬಿನಲ್ಲೇ ಒಂದು ವರ್ಷ ದೂಡಬಹುದಿತ್ತು.

ಬೆಳಕಿನ ವಿಷಯದಲ್ಲಿ ಮಾತ್ರ ಕಸುಬು ನನ್ನ ಕೈ ಹಿಡಿಯಿತು. ಅರ್ಧಗಾತ್ರಕ್ಕೆ ಹೋದಾಗ ಕ್ಯಾಮೆರಾ ಎಫ್ 11 ಎಂದು ತೋರಿಸಿದರೂ ಸೆನ್ಸರಿಗೆ ತಲುಪುವ ಬೆಳಕು ಎಫ್ 16ರಷ್ಟಕ್ಕೆ ಇಳಿದಿರುತ್ತದೆ, ಹಾಗಾಗಿ ಫ್ಲ್ಯಾಶ್ ಇಲ್ಲದೆ ಬೆಳಗಿನ ಹೊತ್ತು ಕೈಯಲ್ಲಿ ಹಿಡಿದು ತೆಗೆಯುವುದು ಆಗದ ಮಾತು. ಬರಿಯ ಫ್ಲ್ಯಾಶ್ ಹೊಡೆದರೆ ಹುಳುವಿನ ಕಣ್ಣಿನ ಮೇಲೆ ಸುಣ್ಣದ ಬೊಟ್ಟಿಟ್ಟಂತೆ ಬಿಳಿ ಚುಕ್ಕೆ ಮೂಡುತ್ತದೆ. ಮದುವೆಯ ಸಾಫ್ಟ್‌ಬಾಕ್ಸ್ ತಂದರೆ ಅದರ ಗಾತ್ರಕ್ಕೇ ಹುಳು ಹಾರಿಹೋಯಿತು. ಕೊನೆಗೆ ದಪ್ಪ ರಟ್ಟಿನ ಒಂದು ಹಳೆಯ ಲಗ್ನಪತ್ರಿಕೆಯನ್ನು ಕೊಳವೆಯಂತೆ ಮಡಿಚಿ, ಒಳಗೆ ಊಟದ ಪಾರ್ಸೆಲ್ ಕಟ್ಟುವ ಬೆಳ್ಳಿ ಹಾಳೆ ಅಂಟಿಸಿ, ಬಾಯಿಗೆ ಎರಡು ಪದರ ಬಟರ್ ಪೇಪರ್ ಸುತ್ತಿ, ಅದು ಲೆನ್ಸಿನ ತುದಿಯ ಮೇಲೆ ಚಾಚಿ ನಿಲ್ಲುವಂತೆ ಫ್ಲ್ಯಾಶಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿದೆ. ಬೆಳಕಿನ ಬಾಯಿ ಹುಳುವಿಗೆ ಹತ್ತಿರವಾದಷ್ಟೂ ಹುಳುವಿನ ಪಾಲಿಗೆ ಅದು ದೊಡ್ಡದಾಗುತ್ತದೆ, ನೆರಳು ಮೆದುವಾಗುತ್ತದೆ. ಆ ಲಗ್ನಪತ್ರಿಕೆಯ ದಂಪತಿಗಳಿಗೆ ಈಗ ಶಾಲೆಗೆ ಹೋಗುವ ಮಗುವಿದೆ, ಬೆಳಕನ್ನು ಮೆದುಗೊಳಿಸುವ ಈ ಡಿಫ್ಯೂಸರ್ ಇನ್ನೂ ಗಟ್ಟಿಯಾಗಿದೆ.

ಹಳದಿಯ ಕಾಟವೂ ನನಗೆ ಹೊಸದಾಗಿರಲಿಲ್ಲ. ಅರಿಶಿನ ಶಾಸ್ತ್ರದ ಫೋಟೋಗಳಲ್ಲಿ ಮದುಮಗನ ಕೆನ್ನೆಯ ಅರಿಶಿನ ಒಂದೇ ಬಣ್ಣದ ತೇಪೆಯಂತೆ ಕಾಣುವುದನ್ನು ಗಮನಿಸಿರಬಹುದು. ಹಳದಿ ಬಣ್ಣದಲ್ಲಿ ಕೆಂಪಿನ ಚಾನೆಲ್ ಬೇಗ ತುಂಬಿಹೋಗುತ್ತದೆ, ಆದರೆ ಚಿತ್ರದಲ್ಲಿ ಬೆಳಕು ಹೇಗೆ ಹಂಚಿದೆ ಎಂದು ತೋರಿಸುವ ನಕ್ಷೆ, ಅಂದರೆ ಒಟ್ಟು ಹಿಸ್ಟೋಗ್ರಾಂ, ನೋಡಿದರೆ ಎಲ್ಲವೂ ಸರಿಯಿರುವಂತೆಯೇ ಕಾಣುತ್ತದೆ. ಹುಳುವಿನ ಬಾಲದಲ್ಲೂ ಹಾಗೆಯೇ ಆಯಿತು. ಉದರದ ಖಂಡಗಳ ನಡುವಿನ ಸಣ್ಣ ಗೆರೆಗಳೆಲ್ಲ ಅಳಿಸಿಹೋಗಿ ಪ್ಲಾಸ್ಟಿಕ್ ವೈರಿನಂತೆ ಕಂಡಿತು. ಮೂರೂ ಬಣ್ಣಗಳ ಹಿಸ್ಟೋಗ್ರಾಂ ಬೇರೆ ಬೇರೆ ತೋರುವಂತೆ ಮಾಡಿಕೊಂಡು, ಫ್ಲ್ಯಾಶನ್ನು ಮುಕ್ಕಾಲು ಸ್ಟಾಪಿನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು) ತಗ್ಗಿಸಿದ ಮೇಲೆ ಗೆರೆಗಳು ಮರಳಿದವು.

ಇನ್ನು ಹೊತ್ತಿನ ಮಾತು. ಡ್ಯಾಮ್ಸೆಲ್‌ಫ್ಲೈಗೆ ತನ್ನದೇ ಆದ ಮೈಬಿಸಿ ಇಲ್ಲ, ಹಾರಲು ಬೇಕಾದ ಸ್ನಾಯುಗಳು ಬಿಸಿಲಿನಿಂದಲೇ ಕಾಯಬೇಕು. ಆಷಾಢದಲ್ಲಿ ನಾನು ತಿಂಡಿ ಮುಗಿಸಿ ಹತ್ತು ಗಂಟೆಗೆ ಹಿತ್ತಲಿಗೆ ಹೋಗುತ್ತಿದ್ದೆ. ಅದು ಹುಳು ಬೇಟೆಯಾಡುವ ಹೊತ್ತು. ಅದರ ಕಡೆಗೆ ಒಂದು ಹೆಜ್ಜೆ ಇಟ್ಟರೆ ಹಾರುವ ಮೊದಲು ಇನ್ನೊಂದು ಆಟ ಆಡುತ್ತದೆ. ಕೂತ ಕಡ್ಡಿಯನ್ನು ಬಿಡದೆ ಮೆಲ್ಲಗೆ ಕಡ್ಡಿಯ ಆಚೆ ಬದಿಗೆ ಸರಿದುಕೊಳ್ಳುತ್ತದೆ. ಕಂಬದ ಹಿಂದೆ ಅಡಗಿದ ಮಗುವಿನಂತೆ ಮೈಯೆಲ್ಲ ಮರೆಯಾದರೂ, ಕಡ್ಡಿ ತೆಳ್ಳಗಿದ್ದು ತಲೆ ಅಗಲವಾಗಿರುವುದರಿಂದ ಎಡಕ್ಕೊಂದು ಬಲಕ್ಕೊಂದು ಕಣ್ಣು ಮಾತ್ರ ಹೊರಗೆ ಇಣುಕುತ್ತಿರುತ್ತದೆ. ನಾನು ಬಲಕ್ಕೆ ಸರಿದರೆ ಅದು ಎಡಕ್ಕೆ ಸರಿಯುತ್ತದೆ. ಈ ಆಟದಲ್ಲಿ ಅರ್ಧ ತಾಸು ಕಳೆದ ಒಂದು ದಿನ ಅವ್ವ ಹಿತ್ತಲ ಬಾಗಿಲಲ್ಲಿ ನಿಂತು, "ಅಲ್ಲಪ್ಪಾ, ಆ ಹುಳ ಏನಾರ ನಿಂಗೆ ಅಡ್ವಾನ್ಸ್ ಕೊಟ್ಟೈತಾ?" ಎಂದು ಕೇಳಿದ್ದಳು.

ಧನುರ್ಮಾಸದಲ್ಲಿ ಇದೆಲ್ಲ ತಿರುವುಮುರುವಾಯಿತು. ಗಾಳಿ ಬಿದ್ದುಹೋಗಿರುತ್ತದೆ, ಇಬ್ಬನಿ ಬೀಳುತ್ತದೆ, ಸೂರ್ಯ ಏಳುವುದೇ ಆರೂಮುಕ್ಕಾಲರ ಸುಮಾರಿಗೆ, ನಮ್ಮ ತೊಟ್ಟಿಗೆ ಬಿಸಿಲು ತಾಗಬೇಕಾದರೆ ಎಂಟಾಗುತ್ತದೆ. ಹಿಂದಿನ ದಿನ ಸಂಜೆಯೇ ಟಾರ್ಚ್ ಹಿಡಿದು ಹುಳುಗಳು ರಾತ್ರಿಗೆ ಎಲ್ಲಿ ತಂಗಿವೆ ಎಂದು ನೋಡಿಟ್ಟುಕೊಳ್ಳುತ್ತೇನೆ. ಗರಿಕೆಯ ನಡುವೆ ಎದ್ದುನಿಂತ ಒಂಟಿ ಕಡ್ಡಿಗಳು ಅವಕ್ಕೆ ಇಷ್ಟ. ಹಾಗೆ ಕಂಡ ಕಡ್ಡಿಯ ಪಕ್ಕದಲ್ಲಿ ಬಟ್ಟೆಗೆ ಹಾಕುವ ಕ್ಲಿಪ್ಪೊಂದನ್ನು ಸೈಕಲ್ ಸ್ಪೋಕಿನ ತುದಿಗೆ ಕಟ್ಟಿ ನೆಲಕ್ಕೆ ಚುಚ್ಚಿಡುತ್ತೇನೆ. ಬೆಳಗಿನ ಮಬ್ಬಿನಲ್ಲಿ ಹುಳುವಿಗಿಂತ ಮೊದಲು ಕಾಣುವುದು ಕೆಂಪು ಕ್ಲಿಪ್. ಗಾಳಿ ಸ್ವಲ್ಪ ಎದ್ದರೆ ಅದೇ ಕ್ಲಿಪ್ಪಿನಿಂದ ಕಡ್ಡಿಯ ಬುಡವನ್ನು ಹಿಡಿಸಿ ಅಲುಗಾಟ ನಿಲ್ಲಿಸಬಹುದು.

ಹತ್ತಿರ ಹೋಗುವ ಕ್ರಮವನ್ನೂ ಬದಲಾಯಿಸಿದೆ. ಹಳೆಯ ಫ್ಲೆಕ್ಸೊಂದನ್ನು ಹಾಸಿ ಹೊಟ್ಟೆಯ ಮೇಲೆ ಮಲಗಿ, ಕ್ಯಾಮೆರಾದ ಪಟ್ಟಿ ಹುಲ್ಲಿಗೆ ತಾಗದಂತೆ ಕೈಗೆ ಸುತ್ತಿಕೊಂಡು, ಹುಳುವಿನ ಕಡೆಗೆ ನೇರವಾಗಿ ತೆವಳಬೇಕು. ಅಡ್ಡಡ್ಡ ಸರಿಯುವ ಚಲನೆಯನ್ನು ಅದು ಬೇಗ ಗುರುತಿಸುತ್ತದೆ. ಹತ್ತಿರವಾದ ಮೇಲೆ ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಕಡ್ಡಿಯನ್ನು ಹುಳು ಕೂತ ಜಾಗಕ್ಕಿಂತ ಸಾಕಷ್ಟು ಕೆಳಗೆ ಹಿಡಿದು, ಅದೇ ಎಡಗೈಯ ಮುಷ್ಟಿಯ ಮೇಲೆ ಲೆನ್ಸನ್ನು ಊರುತ್ತೇನೆ. ಈಗ ಕಡ್ಡಿ, ಕೈ, ಲೆನ್ಸ್ ಮೂರೂ ಒಂದಕ್ಕೊಂದು ಕಟ್ಟಿದಂತಾಗುತ್ತವೆ. ನನ್ನ ಕೈ ನಡುಗಿದರೆ ಹುಳುವೂ ಕ್ಯಾಮೆರಾವೂ ಒಟ್ಟಿಗೆ ನಡುಗುತ್ತವೆ, ಅವುಗಳ ನಡುವಿನ ದೂರ ಬದಲಾಗುವುದಿಲ್ಲ. ಟ್ರೈಪಾಡಿನ ಕಾಲುಗಳನ್ನು ಹುಲ್ಲಿನಲ್ಲಿ ಬಿಡಿಸುವಷ್ಟರಲ್ಲಿ ಹತ್ತು ಕಡ್ಡಿಗಳು ಅಲುಗುತ್ತವೆ, ಆದ್ದರಿಂದ ಅದನ್ನು ಮನೆಯಲ್ಲೇ ಬಿಟ್ಟೆ. ಎಡಗೈಯ ಬೆರಳುಗಳಿಂದ ಕಡ್ಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಸಮಾನಾಂತರವೂ ಕೈಗೆ ಬರುತ್ತದೆ. ಮಂಟಪದಲ್ಲಿ ಮದುಮಗಳ ಗಲ್ಲ ಸ್ವಲ್ಪ ಈ ಕಡೆಗೆ ಎಂದು ಹೇಳುವಂತೆಯೇ, ಮಾತಿನ ಬದಲು ಬೆರಳು. ಫೋಕಸ್ಸನ್ನು ಮೊದಲೇ ಕೈಯಿಂದ ನಿಲ್ಲಿಸಿಟ್ಟು, ಮೈಯನ್ನು ಅಕ್ಕಿಕಾಳಿನಷ್ಟು ಹಿಂದೆ ಮುಂದೆ ಮಾಡುತ್ತ, ಕಣ್ಣು ಚೂಪಾದ ಗಳಿಗೆಯಲ್ಲಿ ಶಟರ್ ಒತ್ತುತ್ತೇನೆ. ಸ್ಟುಡಿಯೋದ ಹುಡುಗ ಒಮ್ಮೆ ಛತ್ರಿಯನ್ನು ಗಾಳಿಗೆ ಅಡ್ಡ ಹಿಡಿದು ನಿಂತಿದ್ದಾಗ, "ಅಣ್ಣಾ, ಉಸ್ರು ಬಿಡು, ಮುಖ ಕೆಂಪಾತು" ಎಂದಿದ್ದ.

ಡಿಸೆಂಬರಿನ ಕೊನೆಯ ವಾರದ ಒಂದು ಬೆಳಗ್ಗೆ ನನಗೆ ಬೇಕಾದ ಚಿತ್ರ ಸಿಕ್ಕಿತು. ಅವ್ವ ಮುಂಬಾಗಿಲಿಗೆ ನೀರು ಹಾಕುತ್ತಿದ್ದ ಸದ್ದು ಕೇಳುತ್ತಿತ್ತು. ಕ್ಲಿಪ್ಪಿನ ಪಕ್ಕದ ಕಡ್ಡಿಯಲ್ಲಿ ಗಂಡೊಂದು ತಲೆ ಮೇಲಾಗಿ, ಬಾಲವನ್ನು ಕಡ್ಡಿಯಿಂದ ಓರೆಯಾಗಿ ಹೊರಕ್ಕೆ ಚಾಚಿ ಕೂತಿತ್ತು. ಮೈಯೆಲ್ಲ ಇಬ್ಬನಿ. ವ್ಯೂಫೈಂಡರಿನಲ್ಲಿ ನೋಡಿದರೆ ಪ್ರತಿ ಹನಿಯೂ ಒಂದೊಂದು ಲೆನ್ಸಿನಂತಾಗಿ ಹಿಂದಿನ ಕೆಸುವಿನ ಎಲೆಯನ್ನು ತಲೆಕೆಳಗಾಗಿ ತೋರಿಸುತ್ತಿತ್ತು. ರೆಕ್ಕೆಗಳು ಒಂದಕ್ಕೊಂದು ಅಂಟಿದಂತೆ ಮಡಿಚಿಕೊಂಡಿದ್ದವು, ತುದಿಯ ಸಮೀಪ ಮುಂಚೂಣಿಯ ಅಂಚಿನಲ್ಲಿ ಬಣ್ಣ ತುಂಬಿದ ಒಂದು ಸಣ್ಣ ಚೌಕದ ಮನೆ ಸ್ಪಷ್ಟವಾಗಿತ್ತು. ಹತ್ತು ಹನ್ನೆರಡು ಚಿತ್ರಗಳಾದ ಮೇಲೆ ಅದು ಎಚ್ಚೆತ್ತಿತು. ಮೊದಲು ಮುಂಗಾಲೊಂದನ್ನು ಬಿಡಿಸಿ ಎತ್ತಿತು, ತಲೆಯನ್ನು ಒಂದು ಕಡೆಗೆ ವಾಲಿಸಿತು, ಕನ್ನಡಕ ಒರೆಸುವವರಂತೆ ಕಣ್ಣಿನ ಮೇಲಿನಿಂದ ಕೆಳಕ್ಕೆ ಕಾಲನ್ನು ಎಳೆಯಿತು. ಕಾಲಿನ ಮುಳ್ಳುಗಳ ಸಾಲಿಗೆ ಸಿಕ್ಕ ಸಣ್ಣ ಹನಿಗಳು ಒಂದಕ್ಕೊಂದು ಸೇರಿ ದೊಡ್ಡದಾಗಿ ಗಲ್ಲದ ಕೆಳಗೆ ಇಳಿದು ಬಿದ್ದವು. ಒರೆಸಿದ ಕಣ್ಣು ಹಸಿರು ದ್ರಾಕ್ಷಿಯಂತೆ ಹೊಳೆಯಿತು, ಒರೆಸದ ಕಣ್ಣು ಇನ್ನೂ ಹನಿಗಳಿಂದ ಮಂಜಾಗಿತ್ತು.

ಆ ಒರೆಸಿದ ಕಣ್ಣಿನಲ್ಲಿ ಒಂದು ಕಪ್ಪು ಚುಕ್ಕೆಯಿತ್ತು. ನಾನು ಕ್ಯಾಮೆರಾವನ್ನು ಸ್ವಲ್ಪ ಎಡಕ್ಕೆ ಒಯ್ದರೆ ಚುಕ್ಕೆಯೂ ಎಡಕ್ಕೆ ಬರುತ್ತಿತ್ತು, ಬಲಕ್ಕೆ ಒಯ್ದರೆ ಬಲಕ್ಕೆ. ನನ್ನನ್ನೇ ದಿಟ್ಟಿಸುತ್ತಿದೆ ಎಂದು ಮೈ ಜುಮ್ಮೆಂದಿತು. ನಿಜದಲ್ಲಿ ಕೀಟದ ಕಣ್ಣಿಗೆ ನಮ್ಮಂತೆ ಹೊರಳುವ ಪಾಪೆ ಇಲ್ಲ. ಸಾವಿರಾರು ಸಣ್ಣ ಕೊಳವೆಯಂಥ ಘಟಕಗಳು ಸೇರಿ ಆದ ಕಣ್ಣದು. ಅವುಗಳಲ್ಲಿ ಯಾವುವು ನೇರವಾಗಿ ನಮ್ಮ ಕಡೆಗೆ ಮುಖ ಮಾಡಿವೆಯೋ ಅವು ತಮ್ಮೊಳಗೆ ಬಿದ್ದ ಬೆಳಕನ್ನು ಹೀರಿಕೊಂಡು ಮರಳಿಸುವುದಿಲ್ಲ, ಆದ್ದರಿಂದ ಆ ಜಾಗ ಕಪ್ಪಾಗಿ ಕಾಣುತ್ತದೆ. ನಾವು ಸರಿದಾಗ ನಮ್ಮತ್ತ ಮುಖ ಮಾಡಿದ ಘಟಕಗಳೂ ಬೇರೆಯಾಗುತ್ತವೆ. ಇದನ್ನು ಹುಸಿಪಾಪೆ ಎನ್ನಬಹುದು. ಅದು ಸ್ಪಷ್ಟವಾಗಿ ಮೂಡಿದ ಚಿತ್ರಕ್ಕೆ ಜೀವ ಬರುತ್ತದೆ ಎಂಬುದನ್ನು ಬಲ್ಲೆನಾದ್ದರಿಂದ, ಅಂದು ನಿಜಗಾತ್ರಕ್ಕೆ ಹೋಗಿ ತಲೆಯೊಂದನ್ನೇ ಮೂವತ್ತು ಸಲ ತೆಗೆದೆ. ಅದರಲ್ಲಿ ನಾಲ್ಕು ನಿಂತವು.

ಹಿನ್ನೆಲೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಶಟರ್ 1/200 ಸೆಕೆಂಡ್, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 200, ಎಫ್ 11 ಇಟ್ಟು ಫ್ಲ್ಯಾಶ್ ಹೊಡೆದರೆ ಹುಳು ಬೆಳಗುತ್ತದೆ, ಹಿಂದಿರುವುದೆಲ್ಲ ನಡುರಾತ್ರಿಯಾಗುತ್ತದೆ, ಏಕೆಂದರೆ ಫ್ಲ್ಯಾಶಿನ ಬೆಳಕು ದೂರ ಎರಡರಷ್ಟಾದರೆ ನಾಲ್ಕನೆಯ ಒಂದು ಭಾಗಕ್ಕೆ ಇಳಿದುಬಿಡುತ್ತದೆ. ಕೆಲವರಿಗೆ ಆ ಕಪ್ಪು ಇಷ್ಟ, ನನಗೆ ಹಗಲಿನ ಹುಳುವನ್ನು ಕತ್ತಲೆಯಲ್ಲಿ ಕೂರಿಸಿದಂತೆ ಅನ್ನಿಸುತ್ತದೆ. ಸ್ಟುಡಿಯೋದ ಹಸಿರು ಬಟ್ಟೆಯನ್ನು ಹಿಂದೆ ಹಿಡಿಸಿ ನೋಡಿದೆ, ಹುಳು ಪಾಸ್‌ಪೋರ್ಟ್ ಅರ್ಜಿಗೆ ಫೋಟೋ ತೆಗೆಸಿಕೊಂಡಂತಾಯಿತು. ಕೊನೆಗೆ ಶಟರನ್ನು 1/60ಕ್ಕೆ ಇಳಿಸಿ ಐಎಸ್‌ಒ 800ಕ್ಕೆ ಏರಿಸಿದಾಗ ಬೆಳಗಿನ ಬೆಳಕಿನಲ್ಲೇ ಕೆಸುವಿನ ಎಲೆ ಮಂದ ಹಸಿರಾಗಿ ಹಿಂದೆ ನಿಂತಿತು. ಹುಳು ಅಲುಗಿದರೆ ಅಂಚಿನಲ್ಲಿ ಭೂತದಂತೆ ಎರಡನೆಯ ಗೆರೆ ಮೂಡುತ್ತದೆ, ಚಳಿಗೆ ಮರಗಟ್ಟಿದ ಹುಳುವಾದರೆ ಆ ತೊಂದರೆಯಿಲ್ಲ. ಒಂದರ ಮೇಲೊಂದು ಹಲವು ಚಿತ್ರಗಳನ್ನು ಸೇರಿಸುವ ಸ್ಟ್ಯಾಕಿಂಗ್ ವಿಧಾನವನ್ನೂ ಎರಡು ದಿನ ಮಾಡಿ ಬಿಟ್ಟೆ. ಮೀಸೆಗಳು ಎರಡೆರಡಾಗಿ ಬಂದವು, ಕಂಪ್ಯೂಟರಿನ ಮುಂದೆ ಕೂರುವ ಕೆಲಸ ನನಗೆ ಮದುವೆಯ ಆಲ್ಬಮ್ಮುಗಳಲ್ಲೇ ಸಾಕಷ್ಟಿದೆ.

ಹುಳುವನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ ಫೋಟೋ ತೆಗೆಯುವವರಿದ್ದಾರೆ. ನಾನು ಹಾಗೆ ಮಾಡಿಲ್ಲ, ಆದರೆ ಮಾಡದೆಯೂ ಒಂದನ್ನು ಕೊಂದಿದ್ದೇನೆ. ಅಕ್ಟೋಬರಿನ ಒಂದು ಬೆಳಗ್ಗೆ ತೊಟ್ಟಿಯ ಅಂಚಿನ ಹುಲ್ಲುಕಡ್ಡಿಯನ್ನು ಹತ್ತಿ ಬಂದ ಮರಿಯೊಂದು ಚರ್ಮ ಒಡೆದು ಹೊರಬಂದು, ಕಳಚಿದ ಪೊರೆಯ ಮೇಲೆಯೇ ಕೂತು ರೆಕ್ಕೆ ಒಣಗಿಸಿಕೊಳ್ಳುತ್ತಿತ್ತು. ಮೈ ಇನ್ನೂ ಬಿಳಿಚಿಕೊಂಡಿತ್ತು, ರೆಕ್ಕೆಗಳು ಎಣ್ಣೆ ಸವರಿದ ಕಾಗದದಂತೆ ಹೊಳೆಯುತ್ತಿದ್ದವು. ಎಡಗೈಯ ಉಪಾಯ ಆಗಷ್ಟೇ ಕಲಿತಿದ್ದ ಹುಮ್ಮಸ್ಸಿನಲ್ಲಿ ಆ ಕಡ್ಡಿಯನ್ನೂ ಹಿಡಿದೆ. ಕಡ್ಡಿ ಬಾಗಿತು, ಕಾಲುಗಳಿಗೆ ಇನ್ನೂ ಹಿಡಿತ ಬಾರದ ಹುಳು ಜಾರಿ ನೀರಿನ ಮೇಲೆ ಬಿತ್ತು. ಎಲೆಯೊಂದನ್ನು ಒಡ್ಡಿ ಎತ್ತಿದೆ, ನೆರಳಿನಲ್ಲಿಟ್ಟೆ. ಮಧ್ಯಾಹ್ನದ ಹೊತ್ತಿಗೆ ರೆಕ್ಕೆಗಳು ಒಂದಕ್ಕೊಂದು ಅಂಟಿ ಸುರುಟಿಕೊಂಡೇ ಒಣಗಿದ್ದವು, ಸಂಜೆಗೆ ಇರುವೆಗಳು ಎಳೆದೊಯ್ದವು. ಪೊರೆ ಮಾತ್ರ ಮಳೆ ಬರುವವರೆಗೂ ಕಡ್ಡಿಯ ಮೇಲೆ ಹಾಗೆಯೇ ಇತ್ತು. ರೆಕ್ಕೆ ಹೊಳೆಯುವ, ಬಣ್ಣ ಬಾರದ ಹುಳು ಕಂಡರೆ ಈಗ ಆ ಕಡ್ಡಿಯನ್ನಷ್ಟೇ ಅಲ್ಲ, ಪಕ್ಕದ ಕಡ್ಡಿಯನ್ನೂ ಮುಟ್ಟುವುದಿಲ್ಲ; ದೂರದಿಂದ 70-200ರಲ್ಲಿ ತೆಗೆದು ಸುಮ್ಮನಾಗುತ್ತೇನೆ.

ಈ ವರ್ಷ ತೊಟ್ಟಿಯ ಸುತ್ತ ಇನ್ನೊಂದು ಜಾತಿ ಕಾಣಿಸಿಕೊಂಡಿದೆ. ಪಿಗ್ಮಿ ಡಾರ್ಟ್‌ಲೆಟ್ ಎಂಬ ಇದರ ಉದರದ ಉದ್ದ 17 ಮಿಲಿಮೀಟರಿನ ಆಸುಪಾಸು, ಹಳದಿಯದಕ್ಕೆ ಹೋಲಿಸಿದರೆ ಹತ್ತಿರ ಹತ್ತಿರ ಅರ್ಧ. ಎಳೆಯ ಗಂಡಿನ ಬಾಲದ ತುದಿ ಇಟ್ಟಿಗೆಯ ಕೆಂಪು, ವಯಸ್ಸಾದಂತೆ ಎದೆಯ ಮೇಲೆ ವಿಭೂತಿ ಬಳಿದಂತೆ ಬಿಳಿಯ ಪುಡಿ ಕಟ್ಟುತ್ತದೆ. ದೇಹ ಅರ್ಧವಾದ್ದರಿಂದ ಚೌಕಟ್ಟು ತುಂಬಲು ನಿಜಗಾತ್ರಕ್ಕೇ ಹೋಗಬೇಕು, ಹೋದರೆ ನಾಲ್ಕು ಮಿಲಿಮೀಟರಿನ ಹಲಗೆ ಒಂದೂಕಾಲಕ್ಕೆ ಇಳಿಯುತ್ತದೆ, ಆರೇಳು ಡಿಗ್ರಿಯ ರಿಯಾಯಿತಿಯೂ ನಾಲ್ಕರೊಳಗೆ ಬರುತ್ತದೆ. ಊದುಬತ್ತಿಯ ಕಡ್ಡಿಯನ್ನು ಮತ್ತೆ ಎರಡು ಸೆಂಟಿಮೀಟರಿಗೆ ಮುರಿದು ಬಟ್ಟಲಿಗೆ ಚುಚ್ಚಿದ್ದೇನೆ. ಮೊನ್ನೆ ಇಬ್ಬನಿ ಆರುವ ಮುನ್ನ ತೆಗೆದ ನಲವತ್ತು ಚಿತ್ರಗಳಲ್ಲಿ ವಿಭೂತಿ ಕಂಡದ್ದರಲ್ಲಿ ಕಣ್ಣಿಲ್ಲ, ಕಣ್ಣು ಕಂಡದ್ದರಲ್ಲಿ ಕೆಂಪು ಬಾಲವಿಲ್ಲ.